ಎತ್ತಿಟ್ಟವರ ಮನೆ: ಡಬ್ಲಿನ್‌ನ ಗ್ರಂಥಾಲಯದಲ್ಲಿ ಕಂಡದ್ದು

(ಊರಿನ ಓದುಗರ ಬಳಗದಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದದ್ದು)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ತುಂಬ ಸಂತೋಷ.

ನಾನು ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದೆ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಬೆನ್ನು ಕಿತ್ತು ಬಂದದ್ದಕ್ಕೆ ಅಂಟು ಹಚ್ಚುವುದು, ಮಳೆಗಾಲದಲ್ಲಿ ಗೆದ್ದಲು ಬಾರದ ಹಾಗೆ ಕಾಯುವುದು. ಹಾಗಾಗಿ ಯಾವ ಊರಿಗೆ ಹೋದರೂ ಕಾಲು ತಾನಾಗಿಯೇ ಗ್ರಂಥಾಲಯದ ಕಡೆ ತಿರುಗುತ್ತದೆ. 2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಡಬ್ಲಿನ್‌ಗೆ ಹೋದಾಗಲೂ ಹಾಗೇ ಆಯಿತು. ಅವಳು ಬೆಳಿಗ್ಗೆ ಆಫೀಸಿಗೆ ಹೊರಟ ಮೇಲೆ ನಾನು ಕಿಲ್ಡೇರ್ ಸ್ಟ್ರೀಟ್‌ನಲ್ಲಿರುವ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೊರಡುತ್ತಿದ್ದೆ. ಒಂದು ದಿನ ನೋಡಿ ಬರೋಣ ಅಂತ ಹೋದವರು ಕಡೆಗೆ ಎಷ್ಟು ದಿನ ಹೋದೆ ಅನ್ನುವುದು ಲೆಕ್ಕಕ್ಕೆ ಸಿಗಲಿಲ್ಲ.

ನಮ್ಮ ಮನೆಗಳಲ್ಲಿ ಅಮ್ಮಂದಿರು ಒಂದು ಮಾತು ಹೇಳುತ್ತಾರಲ್ಲ, "ಅದನ್ನ ಎತ್ತಿಡು" ಅಂತ. ಮದುವೆ ಸೀರೆ, ತಾತನ ಕನ್ನಡಕ, ಹಳೇ ಕಾಗದ. ಯಾಕೆ ಎತ್ತಿಡಬೇಕು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸುಮ್ನೆ ಎತ್ತಿಡು. ಆ ಗ್ರಂಥಾಲಯದ ಪ್ರದರ್ಶನಗಳನ್ನು ನೋಡುತ್ತಾ ನಡೆದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತೇ. ಗಾಜಿನ ಪೆಟ್ಟಿಗೆಯೊಳಗೆ ದೊಡ್ಡ ಕವಿಯ ಕೈಬರಹ ಇರುತ್ತದೆ, ಎಲ್ಲರೂ ಕವಿಯನ್ನು ನೋಡುತ್ತಾರೆ. ನನಗೆ ಮಾತ್ರ ಆ ಹಾಳೆಯನ್ನು ಕಸದ ಬುಟ್ಟಿಗೆ ಹಾಕದೆ ಎತ್ತಿಟ್ಟ ಕೈ ಯಾರದು ಎಂಬ ಕುತೂಹಲ. ಇವತ್ತು ಆ ಕೈಗಳ ಬಗ್ಗೆ ಮಾತಾಡುತ್ತೇನೆ.

ಮೊದಲು ಕಟ್ಟಡದ ವಿಷಯ ಸ್ವಲ್ಪ. ಈ ಗ್ರಂಥಾಲಯ ಕಾನೂನಿನ ಮೂಲಕ ಸ್ಥಾಪನೆಯಾದದ್ದು 1877ರಲ್ಲಿ. ಈಗಿರುವ ಕಟ್ಟಡ ತೆರೆದದ್ದು 1890ರಲ್ಲಿ. ಥಾಮಸ್ ನ್ಯೂವೆನ್‌ಹ್ಯಾಮ್ ಡೀನ್ ಮತ್ತು ಅವರ ಮಗ, ಇಬ್ಬರೂ ಸೇರಿ ವಿನ್ಯಾಸ ಮಾಡಿದರು. ಎದುರಿಗೆ ಅದೇ ಅಪ್ಪ ಮಗ ಕಟ್ಟಿಸಿದ ವಸ್ತುಸಂಗ್ರಹಾಲಯ. ಎರಡರ ನಡುವೆ ದೇಶದ ಸಂಸತ್ತು ಇರುವ ಲೈನ್‌ಸ್ಟರ್ ಹೌಸ್. ಅಂದರೆ ಒಂದು ಕಡೆ ಪುಸ್ತಕ, ಒಂದು ಕಡೆ ಹಳೆಯ ವಸ್ತುಗಳು, ಮಧ್ಯೆ ಆಳುವವರು. ನನಗೆ ಈ ಜೋಡಣೆ ಬಹಳ ಇಷ್ಟವಾಯಿತು.

ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಬಾಗಿಲಲ್ಲಿ ಯಾರೂ ತಡೆದು ಯಾಕೆ ಬಂದಿರಿ ಎನ್ನಲಿಲ್ಲ. ಒಳಗೆ ಕರೆದುಕೊಂಡು ಹೋಗಿ ವಿವರಿಸುವ ಟೂರ್‌ಗೂ ದುಡ್ಡಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಬಾಗಿಲಲ್ಲಿ ಹತ್ತು ರೂಪಾಯಿ ಇಟ್ಟರೂ ಸಾಕು, ಬರಬೇಕಾದ ಅರ್ಧ ಜನ ಬರುವುದಿಲ್ಲ.

ಟೂರ್‌ನಲ್ಲಿ ಮೊದಲು ಮೇಲಕ್ಕೆ ಕರೆದುಕೊಂಡು ಹೋದರು. ಓದುವ ಕೋಣೆಗೆ. ಕೋಣೆ ಅನ್ನುವುದು ಚಿಕ್ಕ ಮಾತು. ಮೇಲೆ ದೊಡ್ಡ ಗುಮ್ಮಟ, ಸುತ್ತ ಕುದುರೆ ಲಾಳದ ಆಕಾರದ ಗೋಡೆ, ಮೇಜಿನ ಮೇಲೆ ಹಸಿರು ದೀಪಗಳು. ಕೆಳಗೆ ಜನ ತಲೆ ಬಗ್ಗಿಸಿ ಓದುತ್ತಿದ್ದರು. ಅಲ್ಲಿ ಯಾರೂ ಏನೂ ಹೇಳದಿದ್ದರೂ ನಮ್ಮ ದನಿ ತಾನಾಗಿಯೇ ತಗ್ಗಿತು.

ಜೇಮ್ಸ್ ಜಾಯ್ಸ್ ಎಂಬ ಹುಡುಗ ಕಾಲೇಜಿನ ದಿನಗಳಲ್ಲಿ ಇಲ್ಲಿಗೆ ಬಂದು ಓದುತ್ತಿದ್ದ. ಆಮೇಲೆ ದೇಶ ಬಿಟ್ಟು ಹೋಗಿ 'ಯೂಲಿಸಿಸ್' ಬರೆದ. ಇಡೀ ಕಾದಂಬರಿ 1904ರ ಜೂನ್ 16 ಎಂಬ ಒಂದೇ ದಿನದಲ್ಲಿ ನಡೆಯುತ್ತದೆ. ಅದರ ಒಂಬತ್ತನೆಯ ಅಧ್ಯಾಯ ಪೂರ್ತಿ ನಡೆಯುವುದು ಇದೇ ಗ್ರಂಥಾಲಯದಲ್ಲಿ. ಸ್ಟೀಫನ್ ಎಂಬ ಯುವಕ ಶೇಕ್ಸ್‌ಪಿಯರ್ ಬಗ್ಗೆ ಹಿರಿಯರ ಜೊತೆ ವಾದಕ್ಕೆ ಇಳಿಯುತ್ತಾನೆ. ಆ ಹಿರಿಯರಲ್ಲಿ ಹಲವರು ನಿಜವಾಗಿ ಬದುಕಿದ್ದವರು. ಲೈಸ್ಟರ್ ಅಂತ ಅಂದಿನ ಗ್ರಂಥಪಾಲಕರು ಸ್ವಂತ ಹೆಸರಿನಲ್ಲೇ ಬರುತ್ತಾರೆ. ಒಂದು ಕಾದಂಬರಿಯಲ್ಲಿ ಗ್ರಂಥಪಾಲಕನಿಗೆ ಅಷ್ಟು ಜಾಗ ಸಿಕ್ಕಿತಲ್ಲ ಅಂತ ನನಗೆ ವೈಯಕ್ತಿಕವಾಗಿ ಹೆಮ್ಮೆ ಅನ್ನಿಸಿತು.

ಆ ವಾದದಲ್ಲಿ ಎ.ಇ. ಅಂತ ಸಹಿ ಮಾಡುತ್ತಿದ್ದ ಕವಿ ಜಾರ್ಜ್ ರಸೆಲ್ ಕೂಡ ಇದ್ದಾರೆ. ನಮ್ಮ ಬೇಂದ್ರೆಯವರು ಬಹಳ ಮೆಚ್ಚಿಕೊಂಡಿದ್ದ ಕವಿ. ಈ ರಸೆಲ್ ಅವರಿಂದ ಸ್ಟೀಫನ್ ಸಾಲ ತೆಗೆದುಕೊಂಡಿರುತ್ತಾನೆ, ತೀರಿಸಿರುವುದಿಲ್ಲ. ಅದೇ ಪುಸ್ತಕದಲ್ಲಿ, ಇನ್ನೂ ಮೊದಲಿನ ಒಂದು ಅಧ್ಯಾಯದಲ್ಲಿ, ಅವನು ತನ್ನ ಸಾಲಗಳನ್ನೆಲ್ಲ ಮನಸ್ಸಿನಲ್ಲೇ ಪಟ್ಟಿ ಮಾಡುತ್ತಾನೆ. ಇವರಿಗೆ ಇಷ್ಟು, ಅವರಿಗೆ ಅಷ್ಟು. ಆ ಪಟ್ಟಿಯಲ್ಲಿ ಒಂದು ಹೆಸರು ಕಸಿನ್ಸ್. ಹತ್ತು ಶಿಲ್ಲಿಂಗ್.

ಈ ಕಸಿನ್ಸ್ ಯಾರು ಗೊತ್ತಾ? ಜೇಮ್ಸ್ ಕಸಿನ್ಸ್. 1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ, ನಾಟಕಕಾರ. 1904ರ ಜೂನ್‌ನಲ್ಲಿ ಇರಲು ಜಾಗವಿಲ್ಲದೆ ಅಲೆಯುತ್ತಿದ್ದ ಜಾಯ್ಸ್‌ನನ್ನು ಕಸಿನ್ಸ್ ದಂಪತಿ ತಮ್ಮ ಮನೆಯಲ್ಲಿ ಕೆಲವು ದಿನ ಇಟ್ಟುಕೊಂಡಿದ್ದರು. 1915ರಲ್ಲಿ ಗಂಡ ಹೆಂಡತಿ ಇಬ್ಬರೂ ಭಾರತಕ್ಕೆ ಬಂದರು. ಹೆಂಡತಿ ಮಾರ್ಗರೆಟ್ ಕಸಿನ್ಸ್. 1919ರಲ್ಲಿ ಮದನಪಲ್ಲಿಯಲ್ಲಿ ಟಾಗೋರರು ತಂಗಿದ್ದಾಗ 'ಜನ ಗಣ ಮನ'ದ ಸ್ವರ ಲಿಪಿ ಬರೆದುಕೊಂಡವರು ಅವರೇ.

ಜೇಮ್ಸ್ ಕಸಿನ್ಸ್ ಮೈಸೂರಿಗೂ ಬಂದರು. 1924ರಲ್ಲಿ ಅಲ್ಲಿ ಒಬ್ಬ ವಿದ್ಯಾರ್ಥಿ ಅವರನ್ನು ನೋಡಲು ಹೋದ. ಇನ್ನೂ ಇಪ್ಪತ್ತು ತುಂಬದ ಹುಡುಗ. ಕೈಯಲ್ಲಿ ತನ್ನ ಇಂಗ್ಲಿಷ್ ಕವನಗಳು. ಅದಕ್ಕೆ ಎರಡು ವರ್ಷ ಮೊದಲೇ 'ಬಿಗಿನರ್ಸ್ ಮ್ಯೂಸ್' ಅಂತ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕ ಬೇರೆ ಬಂದಿತ್ತು. ಕಸಿನ್ಸ್ ಕವನಗಳನ್ನು ನೋಡಿದರು. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ ಕೇಳಿದರು. ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂತ ಹೇಳಿ ಕಳಿಸಿದರು. ಹುಡುಗನಿಗೆ ಮೊದಲು ಬೇಸರವೇ ಆಯಿತು. ಆ ಹುಡುಗ ಕುವೆಂಪು. 'ನೆನಪಿನ ದೋಣಿಯಲ್ಲಿ' ಓದಿದವರಿಗೆ ಈ ಪ್ರಸಂಗ ನೆನಪಿರುತ್ತದೆ, ಅಲ್ವಾ?

ಆ ಓದುವ ಕೋಣೆಯ ಬಾಗಿಲಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತಿದ್ದೆ. ಯಾವ 1904ನೇ ಇಸವಿಯ ಜೂನ್‌ನ ಕಥೆ ಈ ಗ್ರಂಥಾಲಯದಲ್ಲಿ ನಡೆಯುತ್ತದೋ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕುವೆಂಪು ಹುಟ್ಟಿದರು. ಜಾಯ್ಸ್‌ಗೆ ಮನೆಯಲ್ಲಿ ಜಾಗ ಕೊಟ್ಟ ಅದೇ ಮನುಷ್ಯ ಇಪ್ಪತ್ತು ವರ್ಷದ ನಂತರ ಮೈಸೂರಿನಲ್ಲಿ ಕುವೆಂಪು ಅವರನ್ನು ಕನ್ನಡದ ಕಡೆ ತಿರುಗಿಸಿದರು. ಇನ್ನೂ ಒಂದು ವಿಷಯ ಇದೆ. ಐರಿಷ್ ಭಾಷೆ ಜನರ ಬಾಯಿಂದ ಜಾರಿಹೋದ ಮೇಲೆ ಬೆಳೆದ ತಲೆಮಾರಿನವರು ಕಸಿನ್ಸ್. ಅದನ್ನು ಉಳಿಸಲೆಂದು ಡಗ್ಲಸ್ ಹೈಡ್ ಮತ್ತಿತರರು ಸೇರಿ ಗೇಲಿಕ್ ಲೀಗ್ ಕಟ್ಟಿದ್ದು 1893ರಲ್ಲಿ. ಕಸಿನ್ಸ್ ಮಾತ್ರ ಬರೆದದ್ದು ಇಂಗ್ಲಿಷಿನಲ್ಲಿ. ಭಾಷೆ ಕಳೆದುಕೊಂಡ ನಾಡಿನವರಾದ್ದರಿಂದಲೇ ಅವರಿಗೆ ಆ ಪ್ರಶ್ನೆ ಬಾಯಿಗೆ ಬಂತು ಅಂತ ನನ್ನ ಊಹೆ. ಕೆಲಸ ಮಾಡುವ ಜಾಗದಲ್ಲಿ ಅಳಬಾರದು ಅಂತ ನಾನು ಮೂವತ್ತೊಂದು ವರ್ಷ ಪಾಲಿಸಿದವರು. ಅವತ್ತು ಕಣ್ಣು ತುಂಬಿತು.

ಸರಿ, ಕೆಳಗೆ ಇಳಿಯೋಣ. ಕೆಳಗೆ ಐರಿಷ್ ಕವಿ ಯೇಟ್ಸ್ ಅವರ ಪ್ರದರ್ಶನ. 2006ರಲ್ಲಿ ತೆರೆದದ್ದು, ನಾನು ಹೋದಾಗಲೂ ಇತ್ತು. ಜನ ಬರುತ್ತಲೇ ಇದ್ದರಂತೆ, ಅದಕ್ಕೇ ಮುಚ್ಚಲಿಲ್ಲ. ಒಳಗೆ ಹೋದ ತಕ್ಷಣ ಕಿವಿಗೆ ಕವಿತೆ ಬೀಳುತ್ತದೆ. ಬೇರೆಯವರು ಓದಿದ್ದೂ ಇದೆ, ಯೇಟ್ಸ್ ಸ್ವತಃ ಓದಿದ್ದೂ ಇದೆ. ಓದುವುದು ಅಂದರೆ ನಮ್ಮ ಗಮಕಿಗಳ ಹಾಗೆ, ಎಳೆದು, ರಾಗಕ್ಕೆ ಹತ್ತಿರ ತಂದು. ಇಪ್ಪತ್ತನೆಯ ಶತಮಾನದ ಕವಿ ಹೀಗೆ ಓದುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಕೈಬರಹಗಳು. ಯೇಟ್ಸ್ ಅಕ್ಷರ ಓದುವುದು ಬಹಳ ಕಷ್ಟ. ಆದರೆ ಅವರು ಹೇಗೆ ಬರೆಯುತ್ತಿದ್ದರು ಅನ್ನುವುದು ಆ ಹಾಳೆಗಳಲ್ಲಿ ಕಾಣುತ್ತದೆ. ಎಷ್ಟೋ ಸಲ ಅವರು ಮೊದಲು ಗದ್ಯದಲ್ಲಿ ನಾಲ್ಕು ಸಾಲು ಬರೆದುಕೊಳ್ಳುತ್ತಿದ್ದರು. ಈ ಕವಿತೆ ಏನು ಹೇಳಬೇಕು ಅಂತ. ಆಮೇಲೆ ಪ್ರಾಸದ ಪದಗಳು. ಆಮೇಲೆ ಒಂದು ಸಾಲು ಬರೆದು, ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು. ಅಚ್ಚಿನಲ್ಲಿ ನಮಗೆ ಸಿಗುವ ಸಾಲು ಆ ಕಾಟುಗಳ ರಾಶಿಯಿಂದ ಎದ್ದು ಬಂದದ್ದು. ಯಂತ್ರದ ಪರದೆಯ ಮೇಲೆ ಬೆರಳಿಟ್ಟು ಪುಟ ತಿರುಗಿಸಿ ಇದನ್ನೆಲ್ಲ ನೋಡಬಹುದಿತ್ತು. ನನ್ನ ಪಕ್ಕದಲ್ಲಿ ಶಾಲಾ ಮಕ್ಕಳ ಒಂದು ಗುಂಪು ಇತ್ತು. ಒಬ್ಬ ಹುಡುಗಿ ಹೊಡೆದು ಹಾಕಿದ ಸಾಲನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಮೇಷ್ಟ್ರು ಕರೆದರೂ ಹೋಗಲಿಲ್ಲ.

ಈ ಹೊಡೆದು ಹಾಕಿದ ಹಾಳೆಗಳನ್ನು ಎತ್ತಿಟ್ಟವರು ಯಾರು? ಯೇಟ್ಸ್ ಅವರ ಹೆಂಡತಿ ಜಾರ್ಜ್. ಗಂಡ 1939ರಲ್ಲಿ ತೀರಿಕೊಂಡರು. ಜಾರ್ಜ್ ಬದುಕಿದ್ದು 1968ರವರೆಗೆ. ಸುಮಾರು ಮೂವತ್ತು ವರ್ಷ ಆ ಕಾಗದಗಳನ್ನು ಕಾಪಾಡಿದರು. ಬಂದ ಸಂಶೋಧಕರಿಗೆ ತೋರಿಸಿದರು. ಕಾಗದಗಳನ್ನು ಗ್ರಂಥಾಲಯಕ್ಕೆ ಕೊಡುತ್ತಾ ಬಂದರು. ಅವರ ನಂತರ ಮಗ ಮೈಕೇಲ್ ಆ ಕೆಲಸ ಮುಂದುವರಿಸಿದರು. ದೊಡ್ಡ ಕವಿಯ ಪ್ರದರ್ಶನ ಅಂತ ನಾವು ಹೋಗುತ್ತೇವೆ. ನಿಜವಾಗಿ ನೋಡುವುದು ಒಬ್ಬ ಹೆಂಗಸಿನ ಮೂವತ್ತು ವರ್ಷದ ತಾಳ್ಮೆಯನ್ನು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಪ್ರದರ್ಶನದ ಕೋಣೆ ಯಾಕೆ ಅಷ್ಟು ಕತ್ತಲು ಅಂತ ತುಂಬ ಜನ ಕೇಳುತ್ತಾರೆ. ಬೆಳಕು ಕಾಗದಕ್ಕೂ ಶಾಯಿಗೂ ಶತ್ರು. ಒಮ್ಮೆ ಮಾಸಿದ ಶಾಯಿ ವಾಪಸ್ ಬರುವುದಿಲ್ಲ. ಹಾಗಾಗಿ ಹಳೆಯ ಕಾಗದ ಇರುವ ಕಡೆ ಬೆಳಕು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದಾಟಬಾರದು ಅಂತ ಸಾಮಾನ್ಯವಾಗಿ ಪಾಲಿಸುತ್ತಾರೆ. ನಮ್ಮ ಆಫೀಸುಗಳ ಟ್ಯೂಬ್‌ಲೈಟಿನ ಬೆಳಕು ಅದರ ಹತ್ತರಷ್ಟು ಇರಬಹುದು. ಅಷ್ಟೂ ಸಾಲದು ಅಂತ ಕೆಲವು ತಿಂಗಳಿಗೊಮ್ಮೆ ಪುಟ ತಿರುಗಿಸುತ್ತಾರೆ, ಇಲ್ಲವೇ ಮೂಲ ತೆಗೆದು ನಕಲು ಇಡುತ್ತಾರೆ. ತೋರಿಸಬೇಕು, ತೋರಿಸಿದಷ್ಟೂ ಸವೆಯುತ್ತದೆ. ಈ ಎರಡರ ನಡುವೆ ಪ್ರತಿ ದಿನ ಲೆಕ್ಕ ಹಾಕುವ ಜನ ಅವರು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಕಾಲೇಜ್ ಗ್ರೀನ್. ಹಿಂದೆ ಐರ್ಲೆಂಡಿನ ಸಂಸತ್ತು ಕೂರುತ್ತಿದ್ದ ಕಟ್ಟಡ ಈಗ ಒಂದು ಬ್ಯಾಂಕು. ಅದರ ಒಂದು ಭಾಗದಲ್ಲಿ 2018ರಲ್ಲಿ ಇದೇ ಗ್ರಂಥಾಲಯದವರು ಇನ್ನೊಂದು ಪ್ರದರ್ಶನ ತೆರೆದಿದ್ದರು, ಕವಿ ಶೇಮಸ್ ಹೀನಿ ಅವರದು. 1939ರಲ್ಲಿ ಉತ್ತರದ ಡೆರಿ ಜಿಲ್ಲೆಯ ರೈತ ಕುಟುಂಬದಲ್ಲಿ ಹುಟ್ಟಿದವರು, 1995ರಲ್ಲಿ ನೊಬೆಲ್ ಪಡೆದವರು. 2011ರಲ್ಲಿ ಅವರು ತಮ್ಮ ಸಾಹಿತ್ಯದ ಕಾಗದಗಳನ್ನು ಗ್ರಂಥಾಲಯಕ್ಕೆ ದಾನ ಮಾಡಿದರು. ಅಷ್ಟು ದೊಡ್ಡ ಕವಿಯ ಕಾಗದಗಳಿಗೆ ಹೊರದೇಶದ ವಿಶ್ವವಿದ್ಯಾಲಯಗಳು ದೊಡ್ಡ ಮೊತ್ತ ಕೊಡುತ್ತವೆ. ಅವರು ಕೊಟ್ಟದ್ದು ದಾನವಾಗಿ, ತಮ್ಮ ಜನರಿಗೆ. ಎರಡು ವರ್ಷದ ನಂತರ ತೀರಿಕೊಂಡರು.

ಆ ಪ್ರದರ್ಶನದಲ್ಲಿ ನನಗೆ ಹಿಡಿಸಿದ್ದು ಅವರ ಮೇಜು. ಅವರು ಪಾಠ ಹೇಳುತ್ತಿದ್ದ ಕಾಲೇಜಿನ ಹಳೆಯ ಬೆಂಚಿನ ಹಲಗೆಗಳಿಂದ ಮಾಡಿದ್ದು. ಎಷ್ಟೋ ವಿದ್ಯಾರ್ಥಿಗಳು ಕೂತು ಎದ್ದ ಹಲಗೆ. ಅದರ ಮೇಲೆ ಕವಿತೆ. ಅಪ್ಪನ ಗುದ್ದಲಿಯನ್ನು ನೋಡುತ್ತಾ, ನನ್ನ ಕೈಯಲ್ಲಿರುವುದು ಪೆನ್ನು, ಅಗೆಯುವುದು ಇದರಿಂದಲೇ ಎಂದುಕೊಂಡ ಕವಿ ಅವರು. ಅಂಥ ಕವಿಗೆ ಒಪ್ಪುವ ಮೇಜು. ಆ ಪ್ರದರ್ಶನದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಅದನ್ನು ಕೇಳಬೇಕಿತ್ತು, ನೋಡಬೇಕಿತ್ತು.

ಜಾಯ್ಸ್ ವಿಷಯಕ್ಕೆ ಇನ್ನೊಮ್ಮೆ ಬರಬೇಕು. ಎತ್ತಿಡುವುದು ಅಂದರೆ ಕೆಲವು ಸಲ ಪ್ರಾಣದ ಮಾತು ಅಂತ ನನಗೆ ತಿಳಿದದ್ದು ಅಲ್ಲಿ. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ಬಂತು. ಜಾಯ್ಸ್ ಕುಟುಂಬ ಮೊದಲೇ ಊರು ಬಿಟ್ಟಿತ್ತು, ಮನೆಯಲ್ಲಿ ಕಾಗದ ಪತ್ರ ಎಲ್ಲ ಹಾಗೇ ಇತ್ತು. ಪಾಲ್ ಲಿಯೋನ್ ಎಂಬ ಗೆಳೆಯರಿದ್ದರು. ರಷ್ಯಾದಿಂದ ಬಂದ ಯಹೂದಿ, ವರ್ಷಗಟ್ಟಲೆ ಜಾಯ್ಸ್‌ಗೆ ಒಂದು ರೂಪಾಯಿ ತೆಗೆದುಕೊಳ್ಳದೆ ಕಾರ್ಯದರ್ಶಿಯ ಹಾಗೆ ದುಡಿದವರು. ಅವರಿಗೆ ಆ ಊರಿನಲ್ಲಿ ಇರುವುದೇ ಅಪಾಯ. ಅಂಥ ಹೊತ್ತಿನಲ್ಲಿ ಅವರು ಆ ಮನೆಗೆ ಹೋಗಿ ಕಾಗದಗಳನ್ನು ಹೊರಗೆ ತಂದರು. ಒಂದು ಭಾಗವನ್ನು ಪ್ಯಾರಿಸ್‌ನಲ್ಲಿದ್ದ ಐರಿಷ್ ರಾಜತಾಂತ್ರಿಕರ ಕೈಗೆ ಕೊಟ್ಟು, ಡಬ್ಲಿನ್‌ನ ಗ್ರಂಥಾಲಯಕ್ಕೆ ಸೇರಬೇಕು, 50 ವರ್ಷ ತೆರೆಯಬಾರದು ಎಂದರು. 1941ರ ಜನವರಿ 13ರಂದು ಜಾಯ್ಸ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಲಿಯೋನ್ ಅವರನ್ನು ಹಿಡಿದರು. 1942ರಲ್ಲಿ ಆಶ್ವಿಟ್ಜ್‌ನಲ್ಲಿ ಅವರ ಕೊಲೆಯಾಯಿತು.

ಪೆಟ್ಟಿಗೆಗಳು ಡಬ್ಲಿನ್ ತಲುಪಿದವು. ಗ್ರಂಥಾಲಯ ಮಾತು ಉಳಿಸಿಕೊಂಡಿತು. ಐವತ್ತು ವರ್ಷ ಮುಚ್ಚಿಟ್ಟು 1991ರಲ್ಲಿ ತೆರೆಯಿತು. ಈ ನಡುವೆ ಎಷ್ಟು ಗ್ರಂಥಪಾಲಕರು ಬಂದು ಹೋಗಿರಬೇಕು ಯೋಚಿಸಿ. ತಮ್ಮ ಸೇವೆಯಲ್ಲಿ ತೆರೆಯಲಾಗದ ಪೆಟ್ಟಿಗೆಯನ್ನು ಕಾಯ್ದು, ಮುಂದಿನವರ ಕೈಗೆ ಬೀಗದ ಕೈ ಕೊಟ್ಟು ನಿವೃತ್ತರಾದವರು. 2002ರಲ್ಲಿ ಲಿಯೋನ್ ಕುಟುಂಬದ ಬಳಿಯೇ ಉಳಿದಿದ್ದ ಇನ್ನಷ್ಟು ಜಾಯ್ಸ್ ಹಸ್ತಪ್ರತಿಗಳು ಬೆಳಕಿಗೆ ಬಂದವು. ಐರ್ಲೆಂಡ್ 1.26 ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು. ನಾನು ಊರಿಗೆ ಬಂದ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ, ಜಾಯ್ಸ್ ಓದಿದ ಹಳೆಯ ಕಾಲೇಜಿನ ಕಟ್ಟಡದಲ್ಲೇ ಗ್ರಂಥಾಲಯವೂ ವಿಶ್ವವಿದ್ಯಾಲಯವೂ ಸೇರಿ ಸಾಹಿತ್ಯದ ಮ್ಯೂಸಿಯಂ ತೆರೆದಿವೆ. 'ಯೂಲಿಸಿಸ್'ನ ಮೊದಲ ಮುದ್ರಣದ ಒಂದನೇ ನಂಬರಿನ ಪ್ರತಿ ಈಗ ಅಲ್ಲಿದೆ. ಮತ್ತೊಮ್ಮೆ ಹೋದರೆ ಮೊದಲು ನೋಡುವುದು ಅದನ್ನೇ.

ಸಾಹಿತ್ಯ ಸಾಕು. ಗ್ರಂಥಾಲಯಕ್ಕೆ ಬರುವವರಲ್ಲಿ ಸಾಹಿತ್ಯಕ್ಕೆಂದು ಬರದವರೂ ತುಂಬ ಜನ. ಅಮೆರಿಕದಿಂದ, ಆಸ್ಟ್ರೇಲಿಯಾದಿಂದ, ಕೆನಡಾದಿಂದ ಬಂದಿರುತ್ತಾರೆ. ಕೈಯಲ್ಲಿ ಒಂದು ಚೀಟಿ. ಮುತ್ತಜ್ಜನ ಹೆಸರು, ಒಂದು ಊರಿನ ಹೆಸರು. ಊರಿನ ಸ್ಪೆಲಿಂಗ್ ತಪ್ಪಾಗಿರುತ್ತದೆ. ಅವರು ಹೋಗುವುದು ವಂಶಾವಳಿಯ ವಿಭಾಗಕ್ಕೆ.

ಇದರ ಹಿಂದೆ ದೊಡ್ಡ ದುಃಖ ಇದೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂತು. ಬಡವರ ಊಟವೇ ಅದು. ಹತ್ತು ಲಕ್ಷದಷ್ಟು ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷ ಇದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ಹೋದವರ ಮರಿಮಕ್ಕಳು ಈಗ ಬೇರು ಹುಡುಕಿಕೊಂಡು ಬರುತ್ತಾರೆ.

ಹುಡುಕುವುದು ಮಾತ್ರ ಸುಲಭವಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆಗಳ ಕಚೇರಿ ಸ್ಫೋಟದಲ್ಲಿ ಹೊತ್ತಿ ಉರಿಯಿತು. ಏಳು ಶತಮಾನದ ಕಾಗದ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಜನಗಣತಿಯ ಪುಸ್ತಕಗಳು ಹೆಚ್ಚುಕಡಿಮೆ ಪೂರ್ತಿ ಹೋದವು. ಸುಟ್ಟ ಹಾಳೆಯ ಚೂರುಗಳು ಊರ ಮೇಲೆ ಹಾರಿದವು. ಎಲ್ಲವನ್ನೂ ಒಂದೇ ಕಡೆ ಎತ್ತಿಟ್ಟದ್ದು ಒಂದೇ ದಿನದಲ್ಲಿ ಹೋಯಿತು.

ಉಳಿದದ್ದು ಹಳ್ಳಿಯ ಚರ್ಚುಗಳಲ್ಲಿ. ಪಾದ್ರಿಗಳು ಬರೆದುಕೊಂಡಿದ್ದ ನಾಮಕರಣದ, ಮದುವೆಯ ಪುಸ್ತಕಗಳು. ಯಾವ ದಿನ ಯಾರ ಮಗು, ತಾಯಿಯ ತವರಿನ ಹೆಸರೇನು, ಸಾಕ್ಷಿ ನಿಂತವರು ಯಾರು. 1950, 60ರ ದಶಕಗಳಲ್ಲಿ ಗ್ರಂಥಾಲಯದವರು ಈ ಪುಸ್ತಕಗಳನ್ನೆಲ್ಲ ಮೈಕ್ರೋಫಿಲ್ಮ್ ಮಾಡಿದರು. 2015ರ ಜುಲೈನಲ್ಲಿ 3,70,000ಕ್ಕೂ ಹೆಚ್ಚು ಪುಟಗಳ ಚಿತ್ರಗಳನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಇಟ್ಟರು. ಬೇಸಾಯಗಾರನ, ಕೂಲಿಯವನ ಹೆಸರು ಅಲ್ಲಿ ಸಿಗುತ್ತದೆ. ಒಬ್ಬ ಮುದುಕರು ಪರದೆಯ ಮೇಲಿದ್ದ ಒಂದು ಸಾಲಿಗೆ ಬೆರಳಿಟ್ಟು, ತೆಗೆಯದೆ ಹಾಗೇ ಕೂತಿದ್ದರು. ನಾನು ದೂರ ಸರಿದೆ. ನೋಡುತ್ತಾ ನಿಲ್ಲಬಾರದ ಕೆಲವು ಹೊತ್ತು ಇರುತ್ತವೆ.

ಕೊನೆಯದಾಗಿ ಫೋಟೋಗಳು. ನನಗೆ ಅತಿ ಹತ್ತಿರವಾದದ್ದು ಇದು.

ಟೆಂಪಲ್ ಬಾರ್ ಅಂತ ಒಂದು ಪೇಟೆ, ಯಾವಾಗಲೂ ಗದ್ದಲ. ಅದರ ನಡುವೆ ಮೀಟಿಂಗ್ ಹೌಸ್ ಸ್ಕ್ವೇರ್ ಎಂಬ ಚೌಕ. ಅಲ್ಲಿ 1998ರಲ್ಲಿ ಗ್ರಂಥಾಲಯದವರು ಫೋಟೋಗಳಿಗೆಂದೇ ಒಂದು ಜಾಗ ತೆರೆದರು. ಅವರ ಬಳಿ ಇರುವ ಫೋಟೋಗಳು ಐವತ್ತು ಲಕ್ಷದಷ್ಟು. ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಇಲ್ಲಿಗೂ ಪ್ರವೇಶಕ್ಕೆ ದುಡ್ಡಿಲ್ಲ.

ಅವರ ಸಂಗ್ರಹಗಳಲ್ಲಿ ಹೆಸರಾದದ್ದು ಲಾರೆನ್ಸ್ ಸಂಗ್ರಹ. ವಿಲಿಯಂ ಲಾರೆನ್ಸ್ ಎಂಬ ವ್ಯಾಪಾರಿ 1865ರಲ್ಲಿ ಡಬ್ಲಿನ್‌ನ ಸ್ಯಾಕ್‌ವಿಲ್ ಸ್ಟ್ರೀಟ್‌ನಲ್ಲಿ, ಜನರಲ್ ಪೋಸ್ಟ್ ಆಫೀಸಿನ ಎದುರು, ಸ್ಟುಡಿಯೋ ತೆರೆದರು. ಅವರಿಗಾಗಿ ಊರೂರು ತಿರುಗಿ ಫೋಟೋ ತೆಗೆದವರು ಹೆಚ್ಚಾಗಿ ರಾಬರ್ಟ್ ಫ್ರೆಂಚ್. ಮೊದಲು ಪೊಲೀಸ್ ಪಡೆಯಲ್ಲಿ ಇದ್ದವರು. ಭಾರದ ಕ್ಯಾಮೆರಾ, ಭಾರದ ಗಾಜಿನ ಪ್ಲೇಟುಗಳು. ಹಳ್ಳಿ, ಸಂತೆ, ಬಂದರು, ಬೀದಿ, ಚರ್ಚು. ಪೋಸ್ಟ್‌ಕಾರ್ಡ್ ಮಾರುವುದಕ್ಕೆ ತೆಗೆದದ್ದು. ಅದೇ ಈಗ ಒಂದು ದೇಶದ ಮುಖ.

ಎಲ್ಲವೂ ಚೆಂದದ ನೋಟಗಳೇ ಅಂತಲ್ಲ. 1888ರಲ್ಲಿ ಕ್ಲೇರ್ ಜಿಲ್ಲೆಯ ವ್ಯಾಂಡೆಲೂರ್ ಜಮೀನಿನಲ್ಲಿ ಬಾಡಿಗೆ ಕೊಡದ ಗೇಣಿದಾರರನ್ನು ಮನೆಯಿಂದ ಹೊರಹಾಕಿದರು. ಮೂರು ಮರದ ಕಂಬ ನಿಲ್ಲಿಸಿ, ನಡುವೆ ದಿಮ್ಮಿ ತೂಗುಹಾಕಿ, ಅದರಿಂದ ಗೋಡೆ ಗುದ್ದುತ್ತಾರೆ. ಪಕ್ಕದಲ್ಲಿ ಪೊಲೀಸರ ಸಾಲು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಅಲುಗಾಡದೆ ನಿಂತಿದ್ದಾರೆ, ಗೋಡೆಯಲ್ಲಿ ಮಾತ್ರ ತೂತು. ಇದನ್ನು ಇತಿಹಾಸದ ಪುಸ್ತಕದಲ್ಲಿ ಒಂದು ವಾಕ್ಯವಾಗಿ ಓದಿದರೆ ಇಷ್ಟು ತಟ್ಟುವುದಿಲ್ಲ.

1916ರ ಏಪ್ರಿಲ್‌ನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಂಡಾಯಗಾರರು ಹಿಡಿದದ್ದು ಅದೇ ಪೋಸ್ಟ್ ಆಫೀಸನ್ನು. ಎದುರಿನ ಲಾರೆನ್ಸ್ ಅಂಗಡಿಯನ್ನು ಜನ ಲೂಟಿ ಮಾಡಿದರು. ಅಲ್ಲಿ ಆಟಿಕೆ, ಪಟಾಕಿ ಕೂಡ ಮಾರುತ್ತಿದ್ದರು. ಆ ಪಟಾಕಿಗಳನ್ನು ಬೀದಿಯಲ್ಲಿ ಹಚ್ಚಿದರಂತೆ. ಕಡೆಗೆ ಅಂಗಡಿ ಸುಟ್ಟುಹೋಯಿತು. ಸ್ಟುಡಿಯೋದಲ್ಲಿ ತೆಗೆದ ಜನರ ಭಾವಚಿತ್ರಗಳ ನೆಗೆಟಿವ್‌ಗಳೆಲ್ಲ ಬೂದಿಯಾದವು. ಐವತ್ತು ವರ್ಷ ಜನ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಕೂತು ತೆಗೆಸಿಕೊಂಡ ಮುಖಗಳು. ಊರೂರಿನ ನೋಟಗಳ ಪ್ಲೇಟುಗಳು ಮಾತ್ರ ರಾತ್‌ಮೈನ್ಸ್ ಎಂಬ ಬಡಾವಣೆಯ ಗೋದಾಮಿನಲ್ಲಿದ್ದವು. ಯಾರೋ ಅಲ್ಲಿ ಎತ್ತಿಟ್ಟಿದ್ದರು, ಅಂಗಡಿಯಲ್ಲಿ ಜಾಗ ಸಾಲದೆ ಇದ್ದಿರಬಹುದು. ಹಾಗಾಗಿ ಉಳಿದವು. 1943ರಲ್ಲಿ ಸುಮಾರು 40,000 ಪ್ಲೇಟುಗಳನ್ನು ಗ್ರಂಥಾಲಯ 300 ಪೌಂಡಿಗೆ ಕೊಂಡುಕೊಂಡಿತು.

ಇನ್ನೂ ಸಂಗ್ರಹಗಳಿವೆ. ಗಾಲ್ವೇ ಜಿಲ್ಲೆಯ ಕ್ಲಾನ್‌ಬ್ರಾಕ್ ಜಮೀನ್ದಾರಿ ಕುಟುಂಬದವರು 1860ರ ದಶಕದಿಂದಲೇ ತಾವೇ ಫೋಟೋ ತೆಗೆಯುತ್ತಿದ್ದರು. ಅದಕ್ಕೆಂದೇ ತೋಟದಲ್ಲಿ ಒಂದು ಮನೆ ಕಟ್ಟಿಸಿದ್ದರು. ವಾಟರ್‌ಫರ್ಡ್‌ನ ಪೂಲ್ ಸ್ಟುಡಿಯೋದವರದು 1884ರಿಂದ 1954ರವರೆಗಿನ ಸುಮಾರು 65,000 ಪ್ಲೇಟುಗಳು. ಮದುವೆ, ಶಾಲೆ, ಅಂಗಡಿ ಉದ್ಘಾಟನೆ, ಯುದ್ಧಕ್ಕೆ ಹೊರಟ ಹುಡುಗರು. ನಮ್ಮೂರ ಸ್ಟುಡಿಯೋಗಳ ಹಾಗೇ.

2011ರಿಂದ ಗ್ರಂಥಾಲಯದವರು ಇಂಥ ಹಳೆಯ ಫೋಟೋಗಳನ್ನು ಫ್ಲಿಕರ್ ಎಂಬ ತಾಣದಲ್ಲಿ ಹಾಕುತ್ತಾ, ಇದು ಎಲ್ಲಿ, ಯಾವಾಗ, ಇವರು ಯಾರು ಅಂತ ಜನರನ್ನೇ ಕೇಳಲು ಶುರು ಮಾಡಿದರು. ಎಲ್ಲೆಲ್ಲೋ ಇರುವ ಜನ ಉತ್ತರ ಹುಡುಕಿ ಕೊಡುತ್ತಾರೆ. ಅಂಗಡಿಯ ಬೋರ್ಡ್, ಗೋಡೆಯ ಪೋಸ್ಟರ್, ನೆರಳು ಬಿದ್ದ ದಿಕ್ಕು ನೋಡಿ ಇಸವಿ ಹೇಳುತ್ತಾರೆ. ನಮಗೆ ಗೊತ್ತಿಲ್ಲ, ನೀವು ಹೇಳಿ ಅಂತ ಒಂದು ರಾಷ್ಟ್ರೀಯ ಗ್ರಂಥಾಲಯ ಕೇಳುತ್ತದೆ. ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾದದ್ದು ಅದಕ್ಕೆ.

ಇದನ್ನೆಲ್ಲ ಯಾಕೆ ಇಷ್ಟು ಹೊತ್ತು ಹೇಳಿದೆ ಅಂದರೆ ಒಂದು ಕಾರಣ ಇದೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನು ಕೆಲಸದಲ್ಲಿದ್ದ ಊರಿನಲ್ಲಿ ಒಂದು ಹಳೆಯ ಫೋಟೋ ಸ್ಟುಡಿಯೋ ಮುಚ್ಚಿತು. ಗಾಜಿನ ನೆಗೆಟಿವ್‌ಗಳು ಮರದ ಪೆಟ್ಟಿಗೆಗಳಲ್ಲಿ ಇದ್ದವು. ನಾನು ಹೋಗಿ, ಕೊಡಿ, ಗ್ರಂಥಾಲಯದಲ್ಲಿ ಇಡೋಣ ಎಂದೆ. ಕೊಡುತ್ತೇವೆ ಅಂದರು. ಇಡಲು ಜಾಗ ಕೇಳಿ ಮೇಲಿನವರಿಗೆ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಮೂರು ತಿಂಗಳಾದ ಮೇಲೆ ನೋಡಿದರೆ ಆ ಗಾಜುಗಳನ್ನೆಲ್ಲ ಸೋಡಾ ನೀರಿನಲ್ಲಿ ತೊಳೆದು, ದೇವರ ಪಟಗಳ ಕಟ್ಟಿಗೆ ಹಾಕಿ ಮಾರಿಬಿಟ್ಟಿದ್ದರು. ಅವರಿಗೂ ಹೊಟ್ಟೆಪಾಡು, ಅವರನ್ನು ದೂರುವುದಿಲ್ಲ. ಮೊದಲ ದಿನವೇ ನಾನು ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತರಬೇಕಿತ್ತು. ಆ ನೋವು ಇನ್ನೂ ಹೋಗಿಲ್ಲ.

ಮೂರು ಪ್ಲೇಟು ಸಿಕ್ಕವು. ಒಂದು ಮೂಲೆ ಒಡೆದಿದ್ದರಿಂದ ಯಾರಿಗೂ ಬೇಡವಾಗಿ ಉಳಿದಿದ್ದವು. ಡಬ್ಲಿನ್‌ನಿಂದ ಬಂದ ಮೇಲೆ ಅವುಗಳನ್ನು ಅಲ್ಲಿಯವರ ಹಾಗೆ ಕಾಗದದ ಲಕೋಟೆಯಲ್ಲಿಟ್ಟು, ಒಂದರ ಮೇಲೊಂದು ಮಲಗಿಸದೆ, ನಿಲ್ಲಿಸಿ ಇಟ್ಟಿದ್ದೇನೆ. ಇವತ್ತು ತಂದಿದ್ದೇನೆ. ಇದು ಮೊದಲನೆಯದು. ಒಂದು ಕುಟುಂಬ, ಒಂಬತ್ತು ಜನ. ನೆಗೆಟಿವ್ ಆದ್ದರಿಂದ ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಕಾಣುತ್ತದೆ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ನಡುವೆ ಕೂತಿರುವ ಅಜ್ಜಿಯ ಮಡಿಲಲ್ಲಿ ಒಂದು ಮಗು, ಅಲುಗಾಡಿದ್ದರಿಂದ ಅದರ ಮುಖ ಮಾತ್ರ ಮಸುಕು. ಹಿಂದಿನ ಗೋಡೆಯ ಮೇಲೆ ಒಂದು ಅಂಗಡಿಯ ಹೆಸರಿನ ಮೊದಲ ಎರಡು ಅಕ್ಷರ ಇದೆ. ನಿಮ್ಮಲ್ಲಿ ಹಲವರ ಮನೆಯವರು ಆ ಕಡೆಯವರು ಅಂತ ನನಗೆ ಗೊತ್ತು.

ಮುಂದಿನ ಸಾಲಿನಿಂದ ಶುರು ಮಾಡೋಣ. ಅಂಚು ಹಿಡಿದುಕೊಳ್ಳಿ, ನಡುವೆ ಬೆರಳು ತಾಗಿಸಬೇಡಿ. ಯಾರಾದರೂ ಗುರುತು ಸಿಕ್ಕರೆ ಹೇಳಿ, ನಾನು ಬರೆದುಕೊಳ್ಳುತ್ತೇನೆ.